ಪ್ಯಾಲೆಟ್ ಸರಕನ್ನು ನಾವೇ ಟ್ರಾನ್ಸ್‌ಪೋರ್ಟ್ ಗೋದಾಮಿಗೆ ಒಯ್ಯಬಹುದೇ?

ಪ್ರಶ್ನೆ: ಹರಿಹರದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ನೀರೆತ್ತುವ ಪಂಪುಗಳ ಬಿಡಿಭಾಗ ತಯಾರಿಸುತ್ತೇವೆ. ಪುಣೆಯ ಗ್ರಾಹಕರೊಬ್ಬರು ಈ ಸಲ ಸರಕನ್ನು ಪ್ಯಾಲೆಟ್ (ಸರಕು ಪೇರಿಸುವ ಮರದ ಹಲಗೆಯ ಅಡಿಪೀಠ) ಮೇಲೆ ಕಟ್ಟಿಯೇ ಕಳಿಸಬೇಕೆಂದು ಹೇಳಿದ್ದಾರೆ. ಎರಡು ಪ್ಯಾಲೆಟ್, ಒಂದೊಂದರ ಮೇಲೆ 24 ರಟ್ಟಿನ ಪೆಟ್ಟಿಗೆ, ತೂಕ ತಲಾ 410 ಕೆ.ಜಿ. ತೆರಿಗೆ ಸೇರಿ ಬಿಲ್ಲಿನ ಮೊತ್ತ 1,85,000 ರೂಪಾಯಿ. ದಾವಣಗೆರೆಯ ಟ್ರಾನ್ಸ್‌ಪೋರ್ಟಿನವರು ನಮ್ಮ ಬಾಗಿಲಿನಿಂದ ಎತ್ತಿಕೊಂಡು ಹೋಗಲು ಬಾಡಿಗೆಯಲ್ಲದೆ 1,800 ರೂಪಾಯಿ ಕೇಳುತ್ತಿದ್ದಾರೆ. ನಮ್ಮ ಬಳಿ ಟಾಟಾ ಏಸ್ ಇದೆ. ನಾವೇ ಒಯ್ದು ಗೋದಾಮಿಗೆ ಮುಟ್ಟಿಸಿದರೆ ಆಗದೇ? ಏನೇನು ನೋಡಿಕೊಳ್ಳಬೇಕು?

ಉತ್ತರ: ಧಾರಾಳವಾಗಿ ಒಯ್ಯಬಹುದು. ಆದರೆ ಗಾಡಿಗೆ ಹೇರುವ ಮೊದಲು ಆ ಗೋದಾಮಿಗೆ ಒಂದು ಫೋನ್ ಮಾಡಿ, "ನಿಮ್ಮಲ್ಲಿ ಫೋರ್ಕ್‌ಲಿಫ್ಟ್ ಇದೆಯೇ, ಈ ವಾರ ಅದು ನಡೆಯುವ ಸ್ಥಿತಿಯಲ್ಲಿದೆಯೇ?" ಎಂದು ಕೇಳಿ. ಪ್ಯಾಲೆಟನ್ನು ಅಡಿಯಿಂದ ಎತ್ತುವ ಯಂತ್ರ ಅದು. ಇಪ್ಪತ್ತು ವರ್ಷ ದಾವಣಗೆರೆ, ಚಿತ್ರದುರ್ಗದ ಬುಕಿಂಗ್ ಕೌಂಟರುಗಳ ಹಿಂದೆ ಕುಳಿತವನು ನಾನು. ಪ್ಯಾಲೆಟ್ ತಂದವರಲ್ಲಿ ಹೆಚ್ಚಿನವರು ಬಾಡಿಗೆ ಎಷ್ಟು, ಯಾವಾಗ ಮುಟ್ಟುತ್ತದೆ ಎಂದಷ್ಟೇ ಕೇಳುತ್ತಿದ್ದರು. ಇದನ್ನು ಕೇಳಿದವರು ಬೆರಳೆಣಿಕೆಯ ಮಂದಿ.

ನಮ್ಮ ಊರುಗಳಲ್ಲಿ ಬುಕಿಂಗ್ ಕಚೇರಿ ಎಂದರೆ ಬಹುಪಾಲು ಒಂದು ಶಟರಿನ ಮಳಿಗೆ, ಒಳಗೆ ಒಂದು ತಕ್ಕಡಿ, ಹೊರಗೆ ಹಿಂಬದಿ ತಿರುಗಿಸಿ ನಿಂತ ಲಾರಿ. ಅಲ್ಲಿ ಸರಕು ಹತ್ತುವುದು ಇಳಿಯುವುದು ಹಮಾಲರ ಬೆನ್ನ ಮೇಲೆ. ಚೀಲ, ಬಂಡಲು, ಪೆಟ್ಟಿಗೆ ಯಾವುದಾದರೂ ಅವರ ಕೈಯಲ್ಲಿ ಹೂವಿನಂತೆ ಹೋಗುತ್ತದೆ. 410 ಕೆ.ಜಿ. ಪ್ಯಾಲೆಟನ್ನು ಮಾತ್ರ ಯಾವ ಬೆನ್ನೂ ಹೊರಲಾರದು. ಆಗ ಅವರಿಗೆ ಉಳಿಯುವುದು ಒಂದೇ ದಾರಿ. ನೀವು ರಾತ್ರಿಯೆಲ್ಲ ಕುಳಿತು ಸುತ್ತಿದ ಪ್ಲಾಸ್ಟಿಕ್ಕನ್ನು ಕುಡುಗೋಲಿನಿಂದ ಸೀಳಿ, 24 ಪೆಟ್ಟಿಗೆಗಳನ್ನು ಬಿಡಿಬಿಡಿಯಾಗಿ ಹೊತ್ತು, ಖಾಲಿ ಮರವನ್ನು ಕೊನೆಗೆ ಮೇಲೆ ಎಸೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ಪುಣೆಯ ಗ್ರಾಹಕರಿಗೆ ತಲುಪುವುದು ಮಾತ್ರ 48 ಬಿಡಿ ಪೆಟ್ಟಿಗೆ, ಎರಡು ಹಲಗೆ ಕಿತ್ತ ಮರ.

ಆದ್ದರಿಂದ ನಿಮ್ಮ ಹತ್ತಿರದ ಬುಕಿಂಗ್ ಕಚೇರಿ ಬಿಟ್ಟು, ಅದೇ ಕಂಪನಿಯ ದೊಡ್ಡ ಗೋದಾಮು, ಅಂದರೆ ಫೋರ್ಕ್‌ಲಿಫ್ಟ್ ಇದ್ದು ರಾತ್ರಿ ದೂರದ ಊರುಗಳಿಗೆ ಲೈನ್ ಗಾಡಿಗಳು ಹೊರಡುವ ಜಾಗ, ಎಲ್ಲಿದೆ ಎಂದು ವಿಚಾರಿಸಿ. ಇನ್ನೊಂದನ್ನೂ ಕೇಳಿ: ಇಲ್ಲಿಂದ ಪುಣೆಗೆ ಅದೇ ಗಾಡಿ ಹೋಗುತ್ತದೆಯೇ, ನಡುವೆ ಹುಬ್ಬಳ್ಳಿಯಲ್ಲೋ ಬೇರೆಡೆಯೋ ಇಳಿಸಿ ಮತ್ತೆ ಹೇರುತ್ತಾರೆಯೇ? ಇಳಿಸುವುದಾದರೆ ಅಲ್ಲಿಯೂ ಯಂತ್ರ ಇರಬೇಕು. ಇಲ್ಲಿ ಯಂತ್ರದಿಂದ ಹತ್ತಿಸಿ ಅಲ್ಲಿ ಕುಡುಗೋಲಿನಿಂದ ಬಿಚ್ಚಿದರೆ ಏನು ಬಂತು? ಎರಡಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಪ್ಯಾಲೆಟ್ ಆಸೆ ಬಿಡಿ. ಪೆಟ್ಟಿಗೆಗಳನ್ನು ಗಟ್ಟಿ ಮಾಡಿ, ಬಿಡಿಯಾಗಿಯೇ ಬುಕ್ ಮಾಡಿ, ಗ್ರಾಹಕರಿಗೆ ಮೊದಲೇ ತಿಳಿಸಿ. ಮುಂದಿನದೆಲ್ಲ ಯಂತ್ರ ಇದೆ ಎಂಬ ಭರವಸೆಯ ಮೇಲೆ ಬರೆದದ್ದು.

ಈಗ ನಿಮ್ಮ ಏಸ್. ಅಳತೆಯಲ್ಲಿ ಅಡ್ಡಿಯಿಲ್ಲ. ಅದರ ತೊಟ್ಟಿ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. 1200 ಗುಣಿಸು 1000 ಮಿ.ಮೀ. ಪ್ಯಾಲೆಟುಗಳನ್ನು ಉದ್ದ ಬದಿ ಅಡ್ಡಡ್ಡ ಬರುವಂತೆ ಇಟ್ಟರೆ ಎರಡೂ ಕೂರುತ್ತವೆ. ತೊಡಕಿರುವುದು ಭಾರದಲ್ಲಿ. ಏಸ್ ಗಾಡಿಗಳಲ್ಲಿ ಸಾಮಾನ್ಯವಾಗಿ ಹೇರಬಹುದಾದ ತೂಕ 750 ಕೆ.ಜಿ. ಆಸುಪಾಸು. ನಿಮ್ಮದು 820. "ಎಪ್ಪತ್ತು ಕೆ.ಜಿ. ತಾನೇ, ಏಸ್ ಒಂದೂವರೆ ಟನ್ ಹೊತ್ತದ್ದನ್ನು ನೋಡಿದ್ದೇನೆ" ಎನ್ನುತ್ತೀರಿ. ನಾನೂ ನೋಡಿದ್ದೇನೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಮುಂದೆ ನಿಂತರೆ ದಿನವೂ ಕಾಣುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಅಧಿಕ ಭಾರಕ್ಕೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಉಳಿಸಲು ಹೊರಟದ್ದು 1,800 ಎಂಬುದು ನೆನಪಿರಲಿ. ಎರಡು ಸಲ ಒಯ್ಯಬಹುದಲ್ಲ ಎಂದರೆ ಅದಕ್ಕೂ ಒಂದು ಕೊಕ್ಕೆ ಇದೆ. ಎರಡೂ ಪ್ಯಾಲೆಟ್ ಬರುವ ತನಕ ಕೌಂಟರಿನಲ್ಲಿ ಎಲ್.ಆರ್., ಅಂದರೆ ಸರಕು ಪಡೆದದ್ದಕ್ಕೆ ಕೊಡುವ ಲಾರಿ ರಸೀದಿ, ಹರಿಯುವುದಿಲ್ಲ. ಅಲ್ಲಿಯವರೆಗೆ ಮೊದಲನೆಯದು ಕಾಗದವಿಲ್ಲದ ಅನಾಥ. ಅದರ ಪಕ್ಕ ನಿಮ್ಮ ಹುಡುಗನೊಬ್ಬನನ್ನು ಕೂರಿಸಬೇಕಾಗುತ್ತದೆ. ನನ್ನ ಮಾತು ಕೇಳುವುದಾದರೆ, ಒಂದು ಹೊತ್ತಿಗೆ ಬೊಲೆರೊ ಪಿಕಪ್ ಬಾಡಿಗೆ ಹಿಡಿದು ಒಂದೇ ಸಲಕ್ಕೆ ಒಯ್ದುಬಿಡಿ.

ಯಾವ ಗಾಡಿಯಾದರೂ ಪ್ಯಾಲೆಟ್ ಯಾವ ಮುಖವಾಗಿ ಕೂತಿದೆ ಎಂಬುದು ಇಳಿಸುವಾಗ ಲೆಕ್ಕಕ್ಕೆ ಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಬಡಗಿಗಳು ಮಾಡಿಕೊಡುವ ಪ್ಯಾಲೆಟಿನಲ್ಲಿ ಕೆಳಗೆ ಮೂರು ದಪ್ಪ ತೊಲೆ, ಮೇಲೆ ಹಲಗೆ. ತೊಲೆಗಳ ನಡುವಿನ ಸಂದಿಯಲ್ಲಿ ಮಾತ್ರ ಫೋರ್ಕ್‌ಲಿಫ್ಟಿನ ಕೊಂಬು ನುಗ್ಗುತ್ತದೆ, ಅಂದರೆ ಎದುರುಬದುರಿನ ಎರಡು ಕಡೆಯಿಂದ ಅಷ್ಟೇ. ಉಳಿದ ಎರಡು ಕಡೆ ಮರದ ಗೋಡೆ. ದೊಡ್ಡ ಗೋದಾಮಿನ ಕಟ್ಟೆ ಲಾರಿಯ ಎತ್ತರಕ್ಕೆ, ಸುಮಾರು ನಾಲ್ಕು ಅಡಿಗೆ, ಕಟ್ಟಿರುತ್ತದೆ. ಸಣ್ಣ ಗಾಡಿಯ ತೊಟ್ಟಿ ಅದಕ್ಕಿಂತ ಕೆಳಗೆ. ಹಾಗಾಗಿ ಕಟ್ಟೆಯ ಮೇಲಿನಿಂದ ಯಂತ್ರ ನಿಮ್ಮ ಗಾಡಿಯೊಳಗೆ ಬರಲಾಗದು. ಅದು ಅಂಗಳಕ್ಕೆ ಇಳಿದು ಪಕ್ಕದಿಂದ ಎತ್ತಬೇಕು. ತೊಲೆಗಳು ಗಾಡಿಗೆ ಅಡ್ಡಡ್ಡ ಮಲಗಿದ್ದರೆ ಸಂದಿಯ ಬಾಯಿ ಎಡಬಲಕ್ಕೆ ತೆರೆದಿರುತ್ತದೆ, ಪಕ್ಕದ ಹಲಗೆ ಬಿಚ್ಚಿದೊಡನೆ ಕೊಂಬು ಒಳಗೆ. ತೊಲೆಗಳು ಗಾಡಿಯ ಉದ್ದಕ್ಕಿದ್ದರೆ ಪಕ್ಕದಿಂದ ಮರದ ಗೋಡೆಯಷ್ಟೇ ಕಾಣುತ್ತದೆ. ಹಿಂದಿನಿಂದ ಒಂದನ್ನು ಎತ್ತಬಹುದು, ಒಳಗಿನದಕ್ಕೆ ಕೊಂಬು ಮುಟ್ಟುವುದಿಲ್ಲ. ಹಗ್ಗ ಕಟ್ಟಿ ಎಳೆಯುವುದು ಆಗ ಶುರುವಾಗುತ್ತದೆ, ಹಲಗೆ ಕೀಳುವುದೂ ಆಗಲೇ. ಬಡಗಿಗೆ ಹೇಳುವಾಗಲೇ ತೊಲೆ 1200ರ ಉದ್ದಕ್ಕೆ ಬರಲಿ ಎನ್ನಿ. ಪಕ್ಕದ ಹಲಗೆ ಬಿಚ್ಚದಂತೆ ಮೇಲೆ ಕಬ್ಬಿಣದ ಕಟಕಟೆ ಬೆಸೆದ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಡಿ.

ಕಟ್ಟುವ ವಿಷಯಕ್ಕೆ ಬಂದರೆ, ರಟ್ಟಿನ ಪೆಟ್ಟಿಗೆಯ ಬಲವೆಲ್ಲ ಅದರ ನಾಲ್ಕು ಮೂಲೆಗಳಲ್ಲಿದೆ. ಮೂಲೆಯ ಮೇಲೆ ಮೂಲೆ ಬರುವಂತೆ ಕಂಬದಂತೆ ಜೋಡಿಸಿ. ಒಂದು ಅಂಗುಲವೂ ಪ್ಯಾಲೆಟಿನ ಅಂಚಿನಿಂದ ಹೊರಚಾಚಬಾರದು. ಹೀಗೆ ಜೋಡಿಸಿದ ಅಟ್ಟಿ ಭಾರ ತಡೆಯುತ್ತದೆ, ಆದರೆ ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಹಿಡಿದಿಡುವ ಕೆಲಸ ಪ್ಲಾಸ್ಟಿಕ್ ಸುತ್ತು ಮತ್ತು ಪಟ್ಟಿಗಳದ್ದು. ಸುತ್ತನ್ನು ಪೆಟ್ಟಿಗೆಯಿಂದ ಆರಂಭಿಸುವುದು ಎಲ್ಲರೂ ಮಾಡುವ ತಪ್ಪು. ಮರದಿಂದ ಆರಂಭಿಸಿ. ಮೊದಲ ಮೂರು ನಾಲ್ಕು ಸುತ್ತು ಪ್ಯಾಲೆಟಿನ ಮೇಲ್ಹಲಗೆಯನ್ನೂ ಕೆಳಸಾಲಿನ ಪೆಟ್ಟಿಗೆಯನ್ನೂ ಒಟ್ಟಿಗೆ ಬಿಗಿಯಬೇಕು. ಪಟ್ಟಿಯೂ ಮೇಲ್ಹಲಗೆಯ ಅಡಿಯಿಂದ ಹಾದು ಬರಬೇಕು, ಕೊಂಬು ನುಗ್ಗುವ ಸಂದಿಗೆ ಅಡ್ಡ ಬರಬಾರದು. ಪಟ್ಟಿ ಮೂಲೆಯನ್ನು ಕಚ್ಚದಂತೆ ರಟ್ಟಿನ ಕೋನಪಟ್ಟಿ ಕೊಡಿ.

ಮರವನ್ನು ಬಿಟ್ಟು ಸುತ್ತಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಕಣ್ಣೆದುರಿನ ಒಂದು ಪ್ರಸಂಗ. ಚಿತ್ರದುರ್ಗದ ಗೋದಾಮಿನಲ್ಲಿದ್ದಾಗ ಚಳ್ಳಕೆರೆ ಕಡೆಯ ಎಣ್ಣೆ ಗಿರಣಿಯವರೊಬ್ಬರು ಹದಿನೈದು ಕೆ.ಜಿ. ಡಬ್ಬಗಳ ಒಂದು ಪ್ಯಾಲೆಟ್ ತಂದರು. ಎರಡು ಸಾಲು, ನಲವತ್ತು ಡಬ್ಬ. ಕನ್ನಡಿಯಂತೆ ಹೊಳೆಯುವ ಸುತ್ತು. ನೋಡಿದವರೆಲ್ಲ ಮೆಚ್ಚಿದರು. ಆದರೆ ಸುತ್ತು ಡಬ್ಬಗಳಿಗೆ ಮಾತ್ರ ಇತ್ತು, ಕೆಳಗಿನ ಮರ ತನ್ನ ಪಾಡಿಗೆ ತಾನಿತ್ತು. ಯಂತ್ರದ ಹುಡುಗ ಎತ್ತಿ, ತಿರುಗಿಸಿ, ಅಂಗಳದ ಒಂದು ಗುಂಡಿ ಕಂಡು ಬ್ರೇಕ್ ಒತ್ತಿದ. ಮರ ನಿಂತಿತು, ಡಬ್ಬಗಳು ನಿಲ್ಲಲಿಲ್ಲ. ಇಡೀ ಗಂಟು ನಾಲ್ಕು ಬೆರಳು ಮುಂದೆ ಜಾರಿ, ಒಂದು ಕ್ಷಣ ಯೋಚಿಸಿದಂತೆ ನಿಂತು, ಮುಂದಿನ ಆರು ಡಬ್ಬಗಳನ್ನು ನೆಲಕ್ಕೆ ಬಿಟ್ಟಿತು. ಶೇಂಗಾ ಎಣ್ಣೆಯ ಘಮ ಒಂದು ವಾರ ಗೋದಾಮು ಬಿಡಲಿಲ್ಲ, ಮರದ ಹೊಟ್ಟು ಎಷ್ಟು ಸುರಿದರೂ. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಯಂತ್ರ ನಿಮ್ಮದು ಎಂದರು ಗಿರಣಿಯವರು. ಸುತ್ತು ನಿಮ್ಮದು ಎಂದರು ನಮ್ಮ ಮ್ಯಾನೇಜರ್. ಎಲ್.ಆರ್. ಇನ್ನೂ ಹರಿದಿರಲಿಲ್ಲವಾದ್ದರಿಂದ ಆ ಸರಕು ಆ ಹೊತ್ತಿಗೆ ಯಾರ ಜವಾಬ್ದಾರಿಯಲ್ಲಿತ್ತು ಎಂದು ಹೇಳುವ ಕಾಗದವೇ ಇರಲಿಲ್ಲ. ಎರಡು ಸುತ್ತು ಚಹಾ ಆದ ಮೇಲೆ ಅರ್ಧ ಅರ್ಧಕ್ಕೆ ಇತ್ಯರ್ಥವಾಯಿತು.

ನೀವೇ ಒಯ್ಯುವುದರ ನಿಜವಾದ ವ್ಯತ್ಯಾಸ ಇಲ್ಲಿದೆ. ಅವರು ನಿಮ್ಮ ಬಾಗಿಲಿನಲ್ಲಿ ರಸೀದಿ ಕೊಟ್ಟು ಎತ್ತಿಕೊಂಡರೆ ಅಲ್ಲಿಂದಲೇ ಸರಕು ಅವರ ಸುಪರ್ದಿಗೆ. ನೀವು ಒಯ್ದರೆ ಆ ಹದಿನಾಲ್ಕು ಕಿಲೋಮೀಟರ್ ಮತ್ತು ಕೌಂಟರಿನಲ್ಲಿ ಕಾಯುವ ಹೊತ್ತು, ಎರಡೂ ನಿಮ್ಮ ತಲೆಯ ಮೇಲೆ. ಇಳಿಸುವ ಮೊದಲು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಇಳಿಸಿದ ಮೇಲೆ ಮತ್ತೊಮ್ಮೆ ತೆಗೆಯಿರಿ. ಎಲ್.ಆರ್. ಕೈಗೆ ಬರುವ ತನಕ ಜಾಗ ಬಿಟ್ಟು ಕದಲಬೇಡಿ, "ನಾಳೆ ವಾಟ್ಸ್ಆ್ಯಪಿಗೆ ಹಾಕುತ್ತೇವೆ ಸಾರ್" ಎಂದರೂ.

ಎಲ್.ಆರ್.ನಲ್ಲಿ ಏನು ಬರೆದಿದೆ ಎಂದು ನಿಂತಲ್ಲೇ ಓದಿ. ಗುಮಾಸ್ತರು ಅವಸರದಲ್ಲಿ "2 ನಗ", ಅಂದರೆ ಎರಡು ಗಂಟು, ಎಂದು ಬರೆದು ಮುಗಿಸುತ್ತಾರೆ. ದಾರಿಯಲ್ಲಿ ಪ್ಯಾಲೆಟ್ ಬಿಚ್ಚಿ ಐದು ಪೆಟ್ಟಿಗೆ ಕಾಣೆಯಾದರೂ ಪುಣೆಯಲ್ಲಿ ಎರಡು ನಗ ಮುಟ್ಟಿದಂತೆಯೇ ಲೆಕ್ಕ! "2 ಪ್ಯಾಲೆಟ್, ಒಟ್ಟು 48 ಪೆಟ್ಟಿಗೆ" ಎಂದು ಬರೆಸಿ. ಪ್ರತಿ ಪೆಟ್ಟಿಗೆಗೂ ಕಳಿಸುವವರ, ಪಡೆಯುವವರ ಹೆಸರಿನ ಚೀಟಿ ಅಂಟಿಸಿರಿ, ಪ್ಯಾಲೆಟಿಗೆ ಅಂಟಿಸಿದ್ದೇವೆ ಸಾಕು ಎನ್ನಬೇಡಿ. ಬಾಡಿಗೆ ನೀವು ಕಟ್ಟಿದ್ದೀರೋ ಅವರು ಅಲ್ಲಿ ಕಟ್ಟಬೇಕೋ, ಗೋಡೌನ್ ಡೆಲಿವರಿಯೋ ಬಾಗಿಲಿಗೋ ಎಂಬುದೂ ಸ್ಪಷ್ಟವಿರಲಿ. ಪುಣೆಯವರ ಬಳಿ ಇಳಿಸಿಕೊಳ್ಳಲು ಯಂತ್ರವಿದೆಯೇ ಎಂದು ಒಮ್ಮೆ ಕೇಳಿಬಿಡಿ. ಪ್ಯಾಲೆಟ್ ಬೇಕೆಂದು ಹಟ ಹಿಡಿದವರೇ ಇಳಿಸುವಾಗ ಕೈಚೆಲ್ಲಿದ್ದನ್ನು ಕಂಡಿದ್ದೇನೆ.

ನಷ್ಟವಾದರೆ ಎಷ್ಟು ಸಿಗುತ್ತದೆ? 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರಡಿಯ 2011ರ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ನೀವು ಘೋಷಿಸಿದ ಬೆಲೆಯನ್ನು ಮೀರದಂತೆ. ಬಾಡಿಗೆ 5,000 ಎಂದಿಟ್ಟುಕೊಂಡರೆ 50,000ಕ್ಕೆ ನಿಂತಿತು. ನಿಮ್ಮ ಸರಕು 1,85,000ದ್ದು. ಹೆಚ್ಚಿನ ದರ ಕೊಟ್ಟು ಹೆಚ್ಚಿನ ಹೊಣೆ ಹೊರಿಸಲು ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ನಮ್ಮ ಕೌಂಟರುಗಳಲ್ಲಿ ಅದನ್ನು ಕೇಳಿದರೆ ನಿಮ್ಮ ಮುಖ ನೋಡುತ್ತಾರೆ. ಸಾಗಣೆ ವಿಮೆ ಮಾಡಿಸುವುದೇ ಸುಲಭ. ಮಾಡಿಸುವಾಗ, ಮೊದಲ ತುಂಡು ದಾರಿ ಸ್ವಂತ ಅಥವಾ ಬಾಡಿಗೆ ಗಾಡಿಯಲ್ಲಿ ಹೋಗುತ್ತದೆ ಎಂದು ಹೇಳಿ ಅದನ್ನೂ ಪಾಲಿಸಿಯೊಳಗೆ ಸೇರಿಸಿಕೊಳ್ಳಿ. ನಷ್ಟದ ಲಿಖಿತ ನೋಟಿಸನ್ನು ಬುಕಿಂಗ್ ದಿನದಿಂದ 180 ದಿನಗಳೊಳಗೆ ಕೊಡದಿದ್ದರೆ ಮುಂದೆ ದಾವೆ ನಿಲ್ಲುವುದಿಲ್ಲ. ಸಜ್ಜನಿಕೆಯಿಂದ ಫೋನಿನಲ್ಲೇ ಆರು ತಿಂಗಳು ಕಳೆದುಕೊಂಡವರು ಬಹಳ.

ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ, ಇದರ ವಿಷಯದಲ್ಲಿ ಕಾನೂನು ನಿಮ್ಮಂಥವರಿಗೆಂದೇ ಒಂದು ಸಡಿಲಿಕೆ ಕೊಟ್ಟಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ ಬೇಕೇ ಬೇಕು. ಅದರಲ್ಲಿ ಪಾರ್ಟ್ ಎ ಎಂದರೆ ಸರಕಿನ ವಿವರ, ಪಾರ್ಟ್ ಬಿ ಎಂದರೆ ಗಾಡಿಯ ನಂಬರು. ರಾಜ್ಯದೊಳಗೆ ನಿಮ್ಮ ಜಾಗದಿಂದ ಸಾಗಣೆದಾರರ ಜಾಗಕ್ಕೆ, ಮುಂದಿನ ಸಾಗಣೆಗಾಗಿ, 50 ಕಿ.ಮೀ. ಒಳಗೆ ಒಯ್ಯುವಾಗ ಪಾರ್ಟ್ ಬಿ ತುಂಬಬೇಕಾಗಿಲ್ಲ. ಹರಿಹರದಿಂದ ದಾವಣಗೆರೆ ಅದರೊಳಗೆ ಸಲೀಸಾಗಿ ಬರುತ್ತದೆ. ಚಿತ್ರದುರ್ಗದವರು ದಾವಣಗೆರೆಯ ಗೋದಾಮಿಗೆ ತರುವುದಾದರೆ ಅರವತ್ತು ಕಿ.ಮೀ. ಹತ್ತಿರ ಆಗುತ್ತದೆ, ಅವರಿಗೆ ಈ ಸಡಿಲಿಕೆ ಇಲ್ಲ, ತಂದ ಗಾಡಿಯ ನಂಬರು ಹಾಕಲೇಬೇಕು.

"ಹಾಕಿದರೆ ಏನು ತಪ್ಪು, ಸುಮ್ಮನೆ ನಮ್ಮ ಗಾಡಿ ನಂಬರು ಹಾಕಿಬಿಡೋಣ" ಎಂದು ನಿಮ್ಮ ಲೆಕ್ಕಿಗರು ಹೇಳಬಹುದು. ಬೇಡ ಎನ್ನಿ. ಇ-ವೇ ಬಿಲ್ಲಿನ ಅವಧಿ ಎಣಿಕೆಯಾಗುವುದು ಪಾರ್ಟ್ ಬಿ ಮೊದಲ ಸಲ ತುಂಬಿದ ಹೊತ್ತಿನಿಂದ. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ. ಪುಣೆಗೆ ಮೂರು ದಿನ ಸಿಗುತ್ತದೆ. ಶನಿವಾರ ಮಧ್ಯಾಹ್ನ ನಿಮ್ಮ ಗಾಡಿಯ ನಂಬರು ಹಾಕಿದಿರಿ, ಸರಕು ಸೋಮವಾರದ ತನಕ ಗೋದಾಮಿನಲ್ಲೇ ಮಲಗಿತು ಎಂದುಕೊಳ್ಳಿ. ಗಾಡಿ ಊರು ಬಿಡುವ ಮೊದಲೇ ಅರ್ಧ ಅವಧಿ ಕರಗಿತು. ದಾರಿಯಲ್ಲಿ ಅವಧಿ ಮುಗಿದ ಬಿಲ್ ಸಿಕ್ಕಿದರೆ ಸರಕು ತಡೆದು ತೆರಿಗೆಯ ಎರಡು ಪಟ್ಟು ದಂಡ ಹಾಕಲು ಜಿಎಸ್‌ಟಿ ಕಾಯ್ದೆಯಲ್ಲಿ ಅಧಿಕಾರವಿದೆ. ಪಾರ್ಟ್ ಎ ಮಾತ್ರ ತುಂಬಿ, ಸಾಗಣೆದಾರರ ಐಡಿ ಹಾಕಿ ಬಿಟ್ಟರೆ ಲೈನ್ ಗಾಡಿ ಹೊರಡುವಾಗ ಅವರೇ ಪಾರ್ಟ್ ಬಿ ತುಂಬುತ್ತಾರೆ, ಗಡಿಯಾರ ಆಗ ಶುರು. ನಿಮ್ಮ ಗಾಡಿಯಲ್ಲಿ ಇನ್‌ವಾಯ್ಸ್ ಮತ್ತು ಪಾರ್ಟ್ ಎ ಚೀಟಿ ಇರಲಿ. ಇನ್‌ವಾಯ್ಸಿನ ಮೂರು ಪ್ರತಿಗಳಲ್ಲಿ ಎರಡನೆಯದು ಸಾಗಣೆದಾರರದ್ದು, ಅದನ್ನೇ ಕೌಂಟರಿಗೆ ಕೊಡಿ.

ಬಾಡಿಗೆ ತೂಕಕ್ಕೋ ಗಾತ್ರಕ್ಕೋ ಎಂಬ ಜಗಳ ಕೌಂಟರಿನಲ್ಲಿ ದಿನವೂ ನಡೆಯುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ. ಉದ್ದ, ಅಗಲ, ಎತ್ತರಗಳನ್ನು ಅಂಗುಲದಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ ಘನ ಅಡಿ. ಅದನ್ನು ಆ ಕಂಪನಿ ಹಿಡಿದ ಅಂಕಿಯಿಂದ, ಆರು, ಏಳು, ಎಂಟು, ಹತ್ತು ಹೀಗೆ ಒಬ್ಬೊಬ್ಬರದು ಒಂದೊಂದು, ಗುಣಿಸಿ ಬಂದದ್ದನ್ನು ಕೆ.ಜಿ. ಎಂದು ಹಿಡಿಯುತ್ತಾರೆ. ನಿಮ್ಮ ಪ್ಯಾಲೆಟ್ 48, 40, 40 ಅಂಗುಲ ಎಂದುಕೊಳ್ಳೋಣ: 44.4 ಘನ ಅಡಿ. ಎಂಟರ ಲೆಕ್ಕದಲ್ಲಿ 356 ಕೆ.ಜಿ., ನಿಜ ತೂಕ 410ಕ್ಕಿಂತ ಕಡಿಮೆ, ಚಿಂತೆಯಿಲ್ಲ. ಹತ್ತರ ಲೆಕ್ಕವಾದರೆ 444, ಗಾತ್ರಕ್ಕೇ ಬಾಡಿಗೆ. ಪೆಟ್ಟಿಗೆಗಳು ಉಬ್ಬಿ ಉದ್ದ ಅಗಲಗಳಲ್ಲಿ ಎರಡೆರಡು ಅಂಗುಲ ಹೆಚ್ಚಾದರೆ ಅದೇ ಪ್ಯಾಲೆಟ್ 486 ಕೆ.ಜಿ. ಆಗುತ್ತದೆ. ಅಂಚಿನಿಂದ ಹೊರಚಾಚಬಾರದು ಎಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ. ಮನೆಯಲ್ಲೇ ಟೇಪು ಹಿಡಿದು ಅಳೆದು, ಹೋಗುವ ದಾರಿಯಲ್ಲಿ ವೇಬ್ರಿಡ್ಜಿನ ಚೀಟಿ ತೆಗೆದುಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ. ನಿಮ್ಮ ಎದುರಿಗೇ ಅಳೆಯುತ್ತಾರೆ ಎಂಬುದು, ನನ್ನ ಮಟ್ಟಿಗೆ, ನೀವೇ ಒಯ್ಯುವುದರ ದೊಡ್ಡ ಲಾಭ. ಪಿಕಪ್ ಬಾಡಿಗೆ, ಅಲ್ಲಿಯ ಹಮಾಲಿ, ನಿಮ್ಮವರ ಅರ್ಧ ದಿನದ ಕೂಲಿ ಎಲ್ಲ ಕಳೆದರೆ ಆ 1,800ರಲ್ಲಿ ಉಳಿಯುವುದು ನಾಲ್ಕು ಕಾಸು.

ಹಮಾಲಿ ಎಂದಾಗ ನೆನಪಾಯಿತು. ಯಂತ್ರದಿಂದಲೇ ಇಳಿಸಿದರೂ ಹಲವು ಕಡೆ ಹಮಾಲಿ ಕೇಳುತ್ತಾರೆ. ನಗಕ್ಕೋ ಕ್ವಿಂಟಲಿಗೋ ಎಂದು ಫೋನಿನಲ್ಲೇ ಮಾತಾಡಿಕೊಳ್ಳಿ. 48 ಪೆಟ್ಟಿಗೆ ಎಂದು ಬರೆಸಿದ್ದಕ್ಕೆ 48 ನಗದ ಹಮಾಲಿ ಕೇಳಿದರೆ ಒಪ್ಪಬೇಡಿ.

ಹೋಗುವ ಹೊತ್ತು ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆ. ಸಂಜೆ ಐದರ ಮೇಲೆ ಊರಿನ ಸರಕೆಲ್ಲ ಒಟ್ಟಿಗೆ ಬಂದು ಬೀಳುತ್ತದೆ, ನಿಮ್ಮ ಪ್ಯಾಲೆಟ್ ಅಂಗಳದಲ್ಲೇ ನಿಲ್ಲುತ್ತದೆ. ಅಮಾವಾಸ್ಯೆಯ ದಿನ ಗಾಡಿ ಪೂಜೆಯ ಗಡಿಬಿಡಿಯಲ್ಲಿ ಕೌಂಟರ್ ನಿಧಾನ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗಲಂತೂ ಆ ವಾರ ದಾವಣಗೆರೆಯಲ್ಲಿ ಹಮಾಲರನ್ನು ಹುಡುಕಲು ಹೋಗಬೇಡಿ. ಮಳೆಗಾಲವಾದರೆ ತಾಡಪತ್ರಿ ಹೊದಿಸಿ, ಆದರೆ ಹಗ್ಗವನ್ನು ನೇರವಾಗಿ ರಟ್ಟಿನ ಮೇಲೆ ಬಿಗಿಯಬೇಡಿ. ತೊಟ್ಟಿಯ ತಗಡಿನ ಮೇಲೆ ಮರ ಜಾರುತ್ತದೆ. ಹಳೆಯ ಟ್ಯೂಬನ್ನು ಕತ್ತರಿಸಿ ಪ್ಯಾಲೆಟಿನ ಕೆಳಗೆ ಹಾಸಿದರೆ ಒಂದು ಬೆರಳೂ ಅಲುಗುವುದಿಲ್ಲ.